ಬೆಂಕಿ ಬೀಳುವ ಮುನ್ನವೇ ಬಾವಿ ತೋಡೋಣ

ಸುಗ್ಗಿ ಮುಗಿದು ಕಾಳು ಮನೆ ಸೇರಿ, ಹುಲ್ಲು ಬಣವೆಗೇರಿದ ಮೇಲೆ ರೈತನಿಗೆ ನಾಲ್ಕು ದಿನ ನೆಮ್ಮದಿ. ಮುಂದಿನ ಮಳೆಗಾಲದವರೆಗೆ ದನಗಳ ಮೇವಿನ ಚಿಂತೆ ಕಳೆಯಿತು ಎಂದುಕೊಳ್ಳುತ್ತಾನೆ. ಆದರೆ ನಮ್ಮ ಹಳ್ಳಿಗಳಲ್ಲಿ ಬೆಂಕಿಯ ಕಾಲ ಶುರುವಾಗುವುದು ಆಗಲೇ. ಶಿವರಾತ್ರಿಯಿಂದ ಮೊದಲ ಮಳೆ ಬೀಳುವವರೆಗೆ ಊರಿನಲ್ಲಿರುವುದೆಲ್ಲ ಒಣಗಿದ ವಸ್ತುವೇ. ಬಣವೆ, ಸೌದೆ ರಾಶಿ, ಬೆರಣಿ, ತೆಂಗಿನ ಗರಿಯ ಚಪ್ಪರ, ಕಬ್ಬಿನ ತರಗು, ಬೇಲಿ ಸಾಲು, ಎಲ್ಲವೂ ಒಂದು ಕಿಡಿಗೆ ಕಾಯುತ್ತಿರುತ್ತವೆ. ಅದರ ಮೇಲೆ ಮಧ್ಯಾಹ್ನದ ಬಿಸಿಗಾಳಿ ಬೇರೆ.

ಬೆಂಕಿ ಬಿತ್ತೆಂಬ ಕೂಗು ಎದ್ದರೆ ಊರು ಸುಮ್ಮನೆ ಕೂರುವುದಿಲ್ಲ. ಕೈಗೆ ಸಿಕ್ಕ ಕೊಡ, ಬಿಂದಿಗೆ, ಬಕೆಟ್ಟು ಹಿಡಿದು ಜನ ಓಡುತ್ತಾರೆ. ಹಿಂದಿನ ದಿನ ಬದುವಿಗಾಗಿ ಜಗಳವಾಡಿದವರೂ ಆ ಹೊತ್ತು ಹೆಗಲು ಕೊಡುತ್ತಾರೆ. ಇಷ್ಟಾದರೂ ಬಹಳ ಸಲ ಬಣವೆ ಉಳಿಯುವುದಿಲ್ಲ, ಪಕ್ಕದ ಕೊಟ್ಟಿಗೆಯೂ ಉಳಿಯುವುದಿಲ್ಲ. ಕಾರಣ ಜನರ ಕೊರತೆಯಲ್ಲ, ಮನಸ್ಸಿನ ಕೊರತೆಯೂ ಅಲ್ಲ. ನೂರು ಜನ ಸೇರಿದ ಕಡೆ ಕೂಗುವವರು ಐವತ್ತು, ಹೇಳುವವರು ನಲವತ್ತು. ಕರೆಂಟು ತೆಗೆಸುವವರು ಯಾರು, ಟ್ಯಾಂಕಿನ ಗೇಟ್‌ವಾಲ್ವ್ ತಿರುಗಿಸುವವರು ಯಾರು, ದನಗಳ ಹಗ್ಗ ಕೊಯ್ಯುವವರು ಯಾರು, ಒಳಗೆ ಮಲಗಿರುವ ಮುದುಕಿಯನ್ನು ಹೊರಗೆ ತರುವವರು ಯಾರು ಎಂಬುದು ಯಾರಿಗೂ ಗೊತ್ತಿಲ್ಲ. ನಮಗೆ ಕಡಿಮೆಯಾಗಿರುವುದು ಈ ಏರ್ಪಾಡು. ಪ್ರತಿ ಹಳ್ಳಿಯಲ್ಲೂ ಹನ್ನೆರಡು ಮಂದಿಯ ಒಂದು ಬೆಂಕಿ ತಂಡ ಇರಬೇಕು, ಅದಕ್ಕೆ ತರಬೇತಿ ಇರಬೇಕು, ಗ್ರಾಮ ಪಂಚಾಯಿತಿ ಅದರ ಹೊಣೆ ಹೊರಬೇಕು ಎಂಬುದೇ ಈ ಲೇಖನದ ಮಾತು.

ಲೆಕ್ಕ ಹಾಕಿ ನೋಡಿ

ಅಗ್ನಿಶಾಮಕ ಠಾಣೆ ಇರುವುದು ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಸುಮಾರು 6,000. ಜನವಸತಿ ಇರುವ ಹಳ್ಳಿಗಳು 27,000ಕ್ಕೂ ಹೆಚ್ಚು. ಅಗ್ನಿಶಾಮಕ ಠಾಣೆಗಳಾದರೋ 200ಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಊರು ತಾಲ್ಲೂಕು ಕೇಂದ್ರದಿಂದ 25 ಕಿಲೋಮೀಟರ್ ದೂರವೆಂದು ಇಟ್ಟುಕೊಳ್ಳಿ. ನೀರು ತುಂಬಿದ ಭಾರದ ಗಾಡಿ ಹಳ್ಳಿ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಓಡಿದರೂ ಬರಲು 37 ನಿಮಿಷ ಬೇಕು. ಬೆಂಕಿ ಕಂಡು, ಫೋನು ಮಾಡಿ, ಊರಿನ ಹೆಸರು ಹೇಳಿ, ಗಾಡಿ ಹೊರಡುವ ಹೊತ್ತನ್ನೂ ಸೇರಿಸಿದರೆ ಮುಕ್ಕಾಲು ಗಂಟೆ. ಹಳ್ಳಿಗಾಡಿನ ಬೆಂಕಿಗೆ 20 ನಿಮಿಷದೊಳಗೆ ಗಾಡಿ ತಲುಪಬೇಕೆಂಬುದು ದೇಶದ ಅಗ್ನಿ ಸಲಹಾ ಮಂಡಳಿ ಹಾಕಿಕೊಟ್ಟಿರುವ ಅಳತೆ. ಅದು ಎಷ್ಟು ಊರುಗಳಲ್ಲಿ ಸಾಧ್ಯವೆಂಬುದನ್ನು ಓದುಗರೇ ತಮ್ಮ ಊರಿನ ರಸ್ತೆ ನೆನೆದು ಹೇಳಬಹುದು.

ಇದನ್ನು ಅಗ್ನಿಶಾಮಕ ಸಿಬ್ಬಂದಿಯ ಮೇಲೆ ದೂರಾಗಿ ಹೇಳುತ್ತಿಲ್ಲ. ಅವರು ಜೀವದ ಹಂಗು ತೊರೆದು ದುಡಿಯುವವರು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸಿಡಿದಾಗ ಬೆಂಕಿ ಆರಿಸಲು ಹೋಗಿದ್ದ ಹತ್ತಾರು ಅಗ್ನಿಶಾಮಕರು ಪ್ರಾಣ ಕೊಟ್ಟರು. ಆ ನೆನಪಿಗಾಗಿಯೇ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆದರೆ ದೂರವನ್ನು ಯಾವ ಧೈರ್ಯವೂ ಕುಗ್ಗಿಸಲಾರದು. ಒಣಹುಲ್ಲಿನ ಬಣವೆ ಮುಕ್ಕಾಲು ಗಂಟೆ ಕಾಯುವುದಿಲ್ಲ. ಗಾಡಿ ಬರುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಊರಿನವರದು. ಆ ಹೊತ್ತಿನಲ್ಲಿ ಊರು ಏನು ಮಾಡಿತು ಎಂಬುದರ ಮೇಲೆ ಒಂದು ಬಣವೆ ಹೋಯಿತೋ ಒಂದು ಕೇರಿ ಹೋಯಿತೋ ಎಂಬುದು ತೀರ್ಮಾನವಾಗುತ್ತದೆ.

ಪಟ್ಟಿಯಲ್ಲಿ ಇಲ್ಲದ ಕೆಲಸ

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. 1992ರಲ್ಲಿ ಸಂವಿಧಾನಕ್ಕೆ 73 ಮತ್ತು 74ನೆಯ ತಿದ್ದುಪಡಿಗಳು ಆದವು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿಯೂ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿಯೂ ಪಟ್ಟಿ ಮಾಡಲಾಯಿತು. ಪಟ್ಟಣದ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆ ಇದೆ. ಹಳ್ಳಿಯ ಪಟ್ಟಿಯಲ್ಲಿ ಇಲ್ಲ! ಕುಡಿಯುವ ನೀರು, ರಸ್ತೆ, ಸಂತೆ, ಜಾತ್ರೆ, ವಾಚನಾಲಯ ಎಲ್ಲ ಇವೆ, ಕೊನೆಗೆ ಉರುವಲು ಮತ್ತು ಮೇವು ಕೂಡ ಇವೆ. ಉರುವಲಿಗೂ ಮೇವಿಗೂ ಬೆಂಕಿ ಬಿದ್ದರೆ ಯಾರ ಕೆಲಸ ಎಂಬ ಮಾತು ಮಾತ್ರ ಇಲ್ಲ. ಬೆಂಕಿ ಪಟ್ಟಣದ ಕಷ್ಟ, ಹಳ್ಳಿಯಲ್ಲಿ ಅದು ಹಣೆಬರಹ ಎಂದು ಬರೆದಂತಾಯಿತು.

ನಮ್ಮ ರಾಜ್ಯದ ಅಗ್ನಿಶಾಮಕ ಕಾಯಿದೆ 1964ರದು. 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ಬಲಪಡಿಸಲು 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಹೊಸ ಠಾಣೆ, ಹೊಸ ಗಾಡಿ ಬರಲಿ, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಎಷ್ಟು ಠಾಣೆ ಕಟ್ಟಿದರೂ ಹಳ್ಳಿಗೊಂದು ಠಾಣೆ ಕಟ್ಟಲಾಗದು. ಠಾಣೆಗೂ ಹಳ್ಳಿಗೂ ನಡುವೆ ಒಂದು ಕೊಂಡಿ ಬೇಕು. ಆ ಕೊಂಡಿಯೇ ಊರ ತಂಡ.

ಹೊಸ ಮಾತೇನಲ್ಲ

ಹಾಗೆ ನೋಡಿದರೆ ಇದು ಹಳೆಯ ಕಟ್ಟಳೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಸಿಗೆಯಲ್ಲಿ ಹಳ್ಳಿಯವರು ಮನೆಯ ಹೊರಗೆ ಅಡುಗೆ ಮಾಡಬೇಕೆಂಬ ನಿಯಮ ಇದೆ. ಮನೆ ಮನೆಯಲ್ಲೂ ನೀರಿನ ಕೊಡ, ಏಣಿ, ಕೊಡಲಿ, ಮೊರ, ಚಾವಣಿಯ ಹುಲ್ಲು ಎಳೆದುಹಾಕುವ ಕೊಕ್ಕೆ, ಚರ್ಮದ ಚೀಲ ಇರಬೇಕೆಂದು ನಗರವಾಸಿಗಳಿಗೆ ವಿಧಿಸಿದೆ. ಬೆಂಕಿ ಬಿದ್ದ ಕಡೆಗೆ ಓಡಿಬರದ ಮನೆಯೊಡೆಯನಿಗೆ 12 ಪಣ ದಂಡ, ಬಾಡಿಗೆಯವನಿಗೆ 6 ಪಣ. ನೆರೆಯವನ ಬೆಂಕಿಯನ್ನು ನೋಡುತ್ತ ನಿಲ್ಲುವುದು ಅಪರಾಧವೆಂದು ಅಂದಿನವರು ತಿಳಿದಿದ್ದರು.

ಮುಂದುವರಿದ ದೇಶಗಳೆಂದು ನಾವು ಹೇಳುವ ಕಡೆಯೂ ಹಳ್ಳಿಯ ಬೆಂಕಿ ಆರಿಸುವವರು ಹೆಚ್ಚಾಗಿ ಹಳ್ಳಿಯವರೇ. ಜರ್ಮನಿಯಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುವ ಸ್ವಯಂಸೇವಕರು 10 ಲಕ್ಷಕ್ಕೂ ಹೆಚ್ಚು. ರೈತ, ಬಡಗಿ, ಅಂಗಡಿಯವ, ಮೇಷ್ಟರು, ಎಲ್ಲರೂ ಅದರಲ್ಲಿ ಇರುತ್ತಾರೆ. ಚಿಲಿ ದೇಶದಲ್ಲಂತೂ ರಾಜಧಾನಿಯ ಬೆಂಕಿಯನ್ನು ಆರಿಸುವವರೂ ಸ್ವಯಂಸೇವಕರೇ. ಜಪಾನಿನ ಊರೂರಿನಲ್ಲೂ ‘ಶೋಬೋದಾನ್’ ಎಂಬ ಬೆಂಕಿ ಪಡೆ ಇದೆ. ಸದಸ್ಯರು ತಮ್ಮ ಕಸುಬು ಮಾಡಿಕೊಂಡಿರುತ್ತಾರೆ. ಕರೆ ಬಂದಾಗ ಓಡುತ್ತಾರೆ. ಅವರಿಗೆ ಸ್ಥಳೀಯ ಆಡಳಿತ ಸಣ್ಣ ಭತ್ಯೆ ಕೊಡುತ್ತದೆ, ಗಾಯವಾದರೆ ಪರಿಹಾರವನ್ನೂ ಕೊಡುತ್ತದೆ. ಆದರೆ 1950ರ ದಶಕದಲ್ಲಿ ಸುಮಾರು 20 ಲಕ್ಷ ಇದ್ದ ಆ ಪಡೆ 2022ರ ವೇಳೆಗೆ 8 ಲಕ್ಷಕ್ಕಿಂತ ಕೆಳಗಿಳಿಯಿತು. ಯುವಕರು ಪಟ್ಟಣ ಸೇರಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಈ ಮಾತನ್ನು ನಾವು ಮುಂದೆ ನೆನಪಿಡಬೇಕಾಗುತ್ತದೆ.

ದೂರ ಹೋಗುವುದೇ ಬೇಡ. 2018ರ ಮಹಾಪೂರದ ಬಳಿಕ ನೆರೆಯ ಕೇರಳ ತನ್ನ ಪ್ರತಿ ಅಗ್ನಿಶಾಮಕ ಠಾಣೆಗೂ 50 ಜನರಂತೆ ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುವ ಕೆಲಸಕ್ಕೆ ಕೈಹಾಕಿತು. ನಮ್ಮಲ್ಲೂ 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಉರಿದಾಗ ಅರಣ್ಯ ಸಿಬ್ಬಂದಿಯೊಡನೆ ಹಸಿ ಸೊಪ್ಪಿನ ಟೊಂಗೆ ಹಿಡಿದು ನಿಂತ ಸ್ವಯಂಸೇವಕರನ್ನು ನಾಡು ನೋಡಿದೆ. ಕಾಡಿಗಾಗಿ ಓಡಿದ ಜನ ಊರಿಗಾಗಿ ಓಡಲಾರರೆ?

ತಂಡ ಹೇಗಿರಬೇಕು?

ಹನ್ನೆರಡು ಮಂದಿ ಸಾಕು. ಹೆಚ್ಚಾದರೆ ಅದು ಮತ್ತೆ ಗುಂಪಾಗುತ್ತದೆ. ಆರಿಸುವಾಗ ಮೊದಲು ನೋಡಬೇಕಾದ್ದು ತೋಳಿನ ಬಲವನ್ನಲ್ಲ, ವರ್ಷದ ಬಹುಪಾಲು ಊರಿನಲ್ಲೇ ಇರುವವರು ಹೌದೋ ಅಲ್ಲವೋ ಎಂಬುದನ್ನು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ, ಜಾತ್ರೆಗೆ ಬರುವ ಹುಡುಗರು ಎಷ್ಟೇ ಚುರುಕಾಗಿದ್ದರೂ ಈ ಕೆಲಸಕ್ಕೆ ಒದಗುವುದಿಲ್ಲ. ಜಪಾನಿನ ಅನುಭವ ಹೇಳುವುದೂ ಇದನ್ನೇ.

ಎರಡನೆಯದಾಗಿ, ಹನ್ನೆರಡರಲ್ಲಿ ಆರು ಮಂದಿಯಾದರೂ ಹೆಂಗಸರಿರಬೇಕು. ಬೇಸಿಗೆಯ ಮಧ್ಯಾಹ್ನ ಗಂಡಸರು ಹೊಲದಲ್ಲೋ ಸಂತೆಯಲ್ಲೋ ಇರುತ್ತಾರೆ. ಆ ಹೊತ್ತು ಊರಿನಲ್ಲಿರುವವರು ಹೆಂಗಸರು, ಮಕ್ಕಳು, ಮುದುಕರು. ಒಲೆಯ ಬಳಿ, ಗ್ಯಾಸಿನ ಬಳಿ ಇರುವವರೂ ಹೆಂಗಸರೇ. ಬೆಂಕಿಯನ್ನು ಮೊದಲು ಕಾಣುವವರಿಗೆ ತರಬೇತಿ ಕೊಡದೆ, ಸಂಜೆ ಮನೆಗೆ ಬರುವವರಿಗೆ ಕೊಟ್ಟರೆ ಏನು ಪ್ರಯೋಜನ? ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುವ ರೂಢಿ ಇರುವುದರಿಂದ ಅಲ್ಲಿಂದಲೇ ಆರಿಸಬಹುದು.

ಮೂರನೆಯದಾಗಿ, ಪಂಚಾಯಿತಿಯ ನೀರುಗಂಟಿ, ಟ್ರ್ಯಾಕ್ಟರ್ ಇರುವ ಇಬ್ಬರು, ಊರಿನಲ್ಲಿ ಗೃಹರಕ್ಷಕ ದಳದವರೋ ನಿವೃತ್ತ ಯೋಧರೋ ಇದ್ದರೆ ಅವರು, ಇಷ್ಟು ಮಂದಿ ತಂಡದಲ್ಲಿ ಇರಲೇಬೇಕು.

ಕೆಲಸವನ್ನು ನಾಲ್ಕು ಭಾಗ ಮಾಡಿ ಮೂವರಂತೆ ಹಂಚಬೇಕು. ಮೊದಲ ಮೂವರದು ಸುದ್ದಿ. ದೇವಸ್ಥಾನದ ಗಂಟೆಯೋ ಮಸೀದಿಯ ಧ್ವನಿವರ್ಧಕವೋ ಯಾವುದಾದರೊಂದರಿಂದ ಊರಿಗೆ ತಿಳಿಸುವುದು, 112 ಅಥವಾ 101ಕ್ಕೆ ಫೋನು ಮಾಡುವುದು, ಒಬ್ಬರು ಮುಖ್ಯ ರಸ್ತೆಗೆ ಹೋಗಿ ನಿಂತು ಗಾಡಿಗೆ ದಾರಿ ತೋರಿಸುವುದು. ಒಂದೇ ಹೆಸರಿನ ಎರಡು ಮೂರು ಹಳ್ಳಿಗಳಿರುವ ತಾಲ್ಲೂಕಿನಲ್ಲಿ ಹೋಬಳಿಯ ಹೆಸರನ್ನೂ ಹೇಳದಿದ್ದರೆ ಗಾಡಿ ಬೇರೆ ಊರಿಗೆ ಹೋದೀತು. ಎರಡನೆಯ ಮೂವರದು ಕರೆಂಟು. ಮನೆಯ ಮೇನ್ ಸ್ವಿಚ್ ತೆಗೆಯುವುದು, ಲೈನ್‌ಮನ್‌ಗೆ ಮತ್ತು 1912ಕ್ಕೆ ತಿಳಿಸಿ ಲೈನು ತೆಗೆಸುವುದು. ಮೂರನೆಯ ಮೂವರದು ಜನ ಮತ್ತು ಜಾನುವಾರು. ನಾಲ್ಕನೆಯ ಮೂವರದು ನೀರು. ನಾಯಕ ಒಬ್ಬನೇ. ಅಲ್ಲಿ ಅವನ ಮಾತೇ ಮಾತು. ಅಧ್ಯಕ್ಷರು ಬಂದರೂ ಗೌಡರು ಬಂದರೂ ಆ ಅರ್ಧ ಗಂಟೆ ಅವನ ಮಾತು ಕೇಳಬೇಕು.

ಸಾಮಾನು ಊರಿನಲ್ಲೇ ಇದೆ

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುವವರು ಒಮ್ಮೆ ಊರನ್ನು ಸುತ್ತಿ ಬರಲಿ. ನೀರು ಹೊಡೆಯುವ ಟ್ರ್ಯಾಕ್ಟರ್ ಟ್ಯಾಂಕರು ಒಂದಾದರೂ ಇರುತ್ತದೆ. ಅದು ಹಿಡಿಯುವ ನೀರು ಅಗ್ನಿಶಾಮಕ ಗಾಡಿಯ ನೀರಿಗಿಂತ ಬಹಳ ಕಡಿಮೆಯೇನಲ್ಲ. ದ್ರಾಕ್ಷಿಗೆ, ದಾಳಿಂಬೆಗೆ, ಅಡಕೆಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇದೆ. ಚೆನ್ನಾಗಿ ತೊಳೆದಿಟ್ಟರೆ ಅದು ಪಕ್ಕದ ಚಾವಣಿಯನ್ನು ನೆನೆಸಲು ಒಳ್ಳೆಯ ಸಾಧನ. ಕೃಷಿ ಹೊಂಡಗಳಿವೆ. ಬೆಂಕಿಯ ಮುಂದೆ ನೆಲ ಉತ್ತು ದಾರಿ ಕಡಿಯಲು ನೇಗಿಲು ಹೂಡಿದ ಟ್ರ್ಯಾಕ್ಟರ್ ಇದೆ. ಹೊಸದಾಗಿ ಬೇಕಾದ್ದು ಉದ್ದ ಬಿದಿರಿಗೆ ಕಟ್ಟಿದ ಎರಡು ಕಬ್ಬಿಣದ ಕೊಕ್ಕೆ, ಎರಡು ಏಣಿ, ಇಪ್ಪತ್ತು ಬಕೆಟ್ಟು, ಹತ್ತು ಗೋಣಿಚೀಲ, ಎರಡು ಹತ್ತಿ ಕಂಬಳಿ, ಒಂದು ಒಳ್ಳೆಯ ಟಾರ್ಚು, ಒಂದು ಗುದ್ದಲಿ, ಒಂದು ಕೊಡಲಿ. ಇವನ್ನು ಬೀಗ ಹಾಕಿದ ಕೋಣೆಯಲ್ಲಿ ಇಡಬಾರದು. ಬೀಗದ ಕೈ ಹುಡುಕುವ ಹೊತ್ತಿಗೆ ಬಣವೆ ಬೂದಿಯಾಗಿರುತ್ತದೆ.

ಬಕೆಟ್ಟಿನ ಸಾಲನ್ನು ಹಗುರವಾಗಿ ಕಾಣಬೇಡಿ. ಟ್ಯಾಂಕಿನಿಂದ ಬೆಂಕಿಯವರೆಗೆ ಜನ ಸಾಲಾಗಿ ನಿಂತು ಹತ್ತು ಲೀಟರಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿದರೆ, ಐದು ಸೆಕೆಂಡಿಗೊಂದು ಬಕೆಟ್ಟಿನ ಲೆಕ್ಕದಲ್ಲಿ ನಿಮಿಷಕ್ಕೆ 120 ಲೀಟರು ನೀರು ಬೀಳುತ್ತದೆ. ಅದೇ ಜನ ಒಬ್ಬೊಬ್ಬರೇ ಓಡಾಡಿದರೆ ಅರ್ಧ ನೀರು ದಾರಿಯಲ್ಲೇ ಚೆಲ್ಲುತ್ತದೆ, ಎದುರುಬದುರು ಡಿಕ್ಕಿಯೂ ಆಗುತ್ತದೆ. ತುಂಬಿದ್ದು ಒಂದು ಸಾಲಿನಲ್ಲಿ ಬರಲಿ, ಖಾಲಿಯಾದದ್ದು ಇನ್ನೊಂದು ಸಾಲಿನಲ್ಲಿ ಹೋಗಲಿ.

ಇನ್ನೊಂದು ಮಾತು. ನೀರಾವರಿಯ ಮೂರು ಫೇಸ್ ಕರೆಂಟು ಇರುವುದು ದಿನದಲ್ಲಿ ಕೆಲವೇ ಗಂಟೆ. ಬೆಂಕಿ ಆ ಹೊತ್ತನ್ನು ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಊರ ಟ್ಯಾಂಕಿನ ಕೆಳಭಾಗದ ಒಂದು ಪಾಲು ನೀರನ್ನು ಯಾವಾಗಲೂ ಬೆಂಕಿಗೆಂದು ಮೀಸಲಿಡಬೇಕು. ನಲ್ಲಿಗೆ ಬಿಡುವ ಕೊಳವೆಯನ್ನು ಟ್ಯಾಂಕಿಗೆ ಸ್ವಲ್ಪ ಮೇಲೆ ಜೋಡಿಸಿದರೆ ಈ ಮೀಸಲು ತಾನಾಗಿ ಉಳಿಯುತ್ತದೆ.

ಬೆಂಕಿಯೊಡನೆ ತಿಳಿದು ನಡೆಯಬೇಕು

ಗೊತ್ತಿಲ್ಲದ ಧೈರ್ಯ ಬೆಂಕಿಯಷ್ಟೇ ಅಪಾಯ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಕಾಡು ಬಲ್ಲವರಿಗೇ ಹೀಗಾದರೆ ತರಬೇತಿ ಇಲ್ಲದವರ ಗತಿ ಏನು? ತರಬೇತಿ ಎಂದರೆ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಕಲಿಯುವುದು.

ಬಣವೆ ಹೊತ್ತಿಕೊಂಡ ಮೇಲೆ ಅದರ ತಲೆಗೆ ನೀರು ಸುರಿದರೆ ನೀರು ಹೊರಗೆ ಜಾರಿಹೋಗುತ್ತದೆ, ಬೆಂಕಿ ಒಳಗೆ ಕನಲುತ್ತದೆ. ಉರಿಯುವ ಬಣವೆಯ ಆಸೆ ಬಿಟ್ಟು ಪಕ್ಕದ ಬಣವೆ, ಕೊಟ್ಟಿಗೆ, ಚಾವಣಿಗಳನ್ನು ಮೊದಲು ನೆನೆಸಬೇಕು. ಹತ್ತದಿರುವ ಹುಲ್ಲನ್ನು ಕೊಕ್ಕೆಯಿಂದ ಎಳೆದು ದೂರ ಹಾಕಬೇಕು. ಆರಿತೆಂದು ಮನೆಗೆ ಹೋಗಬಾರದು. ರಾತ್ರಿಯಿಡೀ ಇಬ್ಬರು ಕಾವಲಿರಬೇಕು.

ಕಬ್ಬಿನ ಗದ್ದೆಯಲ್ಲಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಎಂದೂ ನಿಲ್ಲಬಾರದು. ಪಕ್ಕದಿಂದ ಹೋಗಿ, ಬೆಂಕಿಗಿಂತ ಸಾಕಷ್ಟು ಮುಂದೆ ಒಂದು ಪಟ್ಟೆ ಕಬ್ಬು ಕಡಿದು ತರಗು ಎಳೆದು ನೆಲ ಬರಿದು ಮಾಡಬೇಕು. ಔಷಧಿ ದಾಸ್ತಾನಿರುವ ಮನೆಗೆ ಬೆಂಕಿ ಬಿದ್ದರೆ ಹೊಗೆಯೇ ವಿಷ. ಗಾಳಿ ಬರುವ ಕಡೆ ನಿಂತು ಜನರನ್ನು ದೂರ ಕಳಿಸಬೇಕು. ಅಲ್ಲಿ ಹರಿದ ನೀರು ಬಾವಿಗೆ, ಕೆರೆಗೆ ಸೇರದಂತೆ ಒಡ್ಡು ಹಾಕಬೇಕು. ಪೆಟ್ರೋಲು, ಡೀಸೆಲ್, ಕಾದ ಎಣ್ಣೆಯ ಬೆಂಕಿಗೆ ನೀರು ಹಾಕಬಾರದು, ಮರಳು ಅಥವಾ ಮಣ್ಣು ಹಾಕಬೇಕು. ಕರೆಂಟು ಹೋಗಿದೆಯೆಂದು ಖಚಿತವಾಗುವವರೆಗೆ ಮೋಟಾರಿಗೂ ತಂತಿಗೂ ನೀರು ತಾಗಿಸಬಾರದು.

ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಹಾಕುವುದೂ ತಪ್ಪು, ಆರಿಸುವುದೂ ತಪ್ಪು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಬೇಕು. ಹೊಗೆ ತುಂಬಿದ ಕೋಣೆಯಲ್ಲಿ ನಿಂತು ನಡೆಯಬಾರದು. ಒಳ್ಳೆಯ ಗಾಳಿ ನೆಲದ ಹತ್ತಿರ ಇರುವುದರಿಂದ ತೆವಳಿ ಹೊರಗೆ ಬರಬೇಕು. ಬಟ್ಟೆಗೆ ಬೆಂಕಿ ತಾಗಿದವರು ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು. ಸುಟ್ಟ ಗಾಯಕ್ಕೆ ಶಾಯಿ, ಟೂತ್‌ಪೇಸ್ಟು, ತುಪ್ಪ ಹಚ್ಚುವುದು ತಪ್ಪು. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು.

ದನಗಳ ವಿಷಯ ಬೇರೆ. ಹೆದರಿದ ದನ ಕೊಟ್ಟಿಗೆಯಿಂದ ಹೊರಗೆ ಬರಲೊಲ್ಲದು, ಹೊರಗೆ ತಂದರೂ ತಿರುಗಿ ಒಳಗೇ ನುಗ್ಗುತ್ತದೆ. ಬಾಗಿಲ ಬಳಿ ಒಂದು ಹರಿತವಾದ ಕುಡುಗೋಲು ಸದಾ ತೂಗುಹಾಕಿರಬೇಕು. ಗಂಟು ಬಿಚ್ಚಲು ಹೋಗದೆ ಹಗ್ಗ ಕೊಯ್ಯಬೇಕು. ಒದ್ದೆ ಗೋಣಿಯಿಂದ ಕಣ್ಣು ಮುಚ್ಚಿ ನಡೆಸಿದರೆ ದನ ಬರುತ್ತದೆ. ಹೊರಗೆ ತಂದದ್ದನ್ನು ದೂರದ ಮರಕ್ಕೆ ಕಟ್ಟಬೇಕು.

ಬೀಳದ ಹಾಗೆ ನೋಡಿಕೊಳ್ಳುವುದೇ ಮೇಲು

ತಂಡದ ಅರ್ಧ ಕೆಲಸ ಬೆಂಕಿ ಬೀಳುವ ಮೊದಲೇ ಇದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಊರೆಲ್ಲ ಸುತ್ತಿ ನೋಡಬೇಕು. ಮನೆಗೆ ತಾಗಿಸಿ, ತಂತಿಯ ಅಡಿಯಲ್ಲಿ, ಒಂದಕ್ಕೊಂದು ಅಂಟಿಸಿ ಒಟ್ಟಿದ ಬಣವೆಗಳು ಎಷ್ಟಿವೆ? ಹಿತ್ತಿಲಿನಲ್ಲಿ ಜಾಗ ಇಲ್ಲವೆಂಬುದು ನಿಜ. ಆದರೆ ಊರ ಹೊರಗೆ ಖಾಲಿ ಇರುವ ಕಣದ ಜಾಗವನ್ನು ಪಂಚಾಯಿತಿ ಬಣವೆಗೆಂದು ಗುರುತಿಸಿಕೊಟ್ಟರೆ, ನಡುನಡುವೆ ಟ್ರ್ಯಾಕ್ಟರ್ ಓಡಾಡುವಷ್ಟು ದಾರಿ ಬಿಟ್ಟು ಒಟ್ಟಬಹುದು. ಪೂರ್ತಿ ಒಣಗದ ಹುಲ್ಲನ್ನು ಒತ್ತಿ ಒಟ್ಟಿದರೆ ಒಳಗೆ ಕಾವು ಹುಟ್ಟಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಒಟ್ಟಿದ ಕೆಲವು ದಿನಗಳಲ್ಲಿ ಬಣವೆಯೊಳಗೆ ಕೈ ತೂರಿಸಿ ನೋಡಿ. ಕೈ ಸುಡುವಷ್ಟು ಬಿಸಿ ಇದ್ದರೆ ನೀರನ್ನು ಪಕ್ಕದಲ್ಲೇ ಇಟ್ಟುಕೊಂಡು ಬಿಚ್ಚಿ ಹರವಬೇಕು.

ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುವುದು ಕಬ್ಬು ಬೆಳೆಗಾರರಿಗೆಲ್ಲ ಗೊತ್ತಿರುವ ಪೀಡೆ. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡಬಾರದು. ಕಂಬದ ನಂಬರು ಬರೆದು ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು, ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಬೇಕು. ನಾಳೆ ಪರಿಹಾರ ಕೇಳುವಾಗ ಆ ಕಾಗದವೇ ಸಾಕ್ಷಿ. ಬೆಳೆ ವಿಮೆ ಸಹಜ ಕಾರಣದ ಬೆಂಕಿಗೆ ಮತ್ತು ಸಿಡಿಲಿಗೆ ಅನ್ವಯಿಸುತ್ತದೆ, ಬೀಡಿ ತುಂಡಿನಿಂದ ಹತ್ತಿದ್ದಕ್ಕೆ ಅಲ್ಲ. ಬಣವೆಯಂತೂ ಬೆಳೆಯ ಲೆಕ್ಕಕ್ಕೇ ಬರುವುದಿಲ್ಲ. ಬೆಂಕಿ ಬಿದ್ದ ದಿನವೇ ಸ್ಥಳ ಮಹಜರು ಮಾಡಿಸಿ, ಅಗ್ನಿಶಾಮಕ ಠಾಣೆಯ ವರದಿ ಪಡೆಯುವುದನ್ನೂ ತಂಡ ಮಾಡಿಸಿಕೊಡಬೇಕು. ಆರಿದ ಮೇಲೆ ಠಾಣೆಗೆ ಹೇಳುವುದೇಕೆ ಎಂದು ಸುಮ್ಮನಾಗುವ ರೈತ ಎರಡು ಸಲ ಸುಟ್ಟುಕೊಳ್ಳುತ್ತಾನೆ.

ಬದುವಿನ ಕಸಕ್ಕೆ ಬೆಂಕಿ ಕೊಟ್ಟು ಮನೆಗೆ ಹೋಗುವ ಅಭ್ಯಾಸ ಬಿಡಬೇಕು. ಶಾಲೆಯ ಅಡುಗೆ ಮನೆಯ ಮೇಲೆ ಗರಿ ಹೊದಿಸಬಾರದು. 2004ರ ಜುಲೈನಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಮನೆಯ ಬೆಂಕಿ ಗರಿಯ ಚಾವಣಿಗೆ ಹಾರಿ 94 ಮಕ್ಕಳು ಸುಟ್ಟುಹೋದರು. ಜಾತ್ರೆಯ, ನಾಟಕದ ಚಪ್ಪರಕ್ಕೆ ಒಂದೇ ಬಾಗಿಲು ಇಡಬಾರದು. 1995ರ ಡಿಸೆಂಬರಿನಲ್ಲಿ ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಸಮಾರಂಭದ ಶಾಮಿಯಾನ ಹೊತ್ತಿಕೊಂಡಾಗ ಹೊರಗೆ ಹೋಗಲು ದಾರಿ ಸಾಲದೆ 400ಕ್ಕೂ ಹೆಚ್ಚು ಜನ ಸತ್ತರು. ಚಪ್ಪರ ಹಾಕಲು ಪಂಚಾಯಿತಿ ಒಪ್ಪಿಗೆ ಕೊಡುವ ಮುನ್ನ ಊರ ತಂಡ ಹೋಗಿ ನೋಡಿಬರಬೇಕು.

ಕೊನೆಯ ಮನೆಗೂ ನೀರು

ಹೇಳಲು ಇಷ್ಟವಿಲ್ಲದಿದ್ದರೂ ಹೇಳಬೇಕಾದ ಮಾತು ಒಂದಿದೆ. ಊರಿನಲ್ಲಿ ಬೆಂಕಿಗೆ ಬೇಗ ತುತ್ತಾಗುವ ಮನೆಗಳು ಇರುವುದು ಬಡವರ ಕೇರಿಯಲ್ಲಿ. ಅಲ್ಲಿ ಮನೆಗೆ ಮನೆ ಅಂಟಿದೆ, ಓಣಿ ಕಿರಿದು, ಟ್ಯಾಂಕರು ಹೋಗುವ ದಾರಿ ಇಲ್ಲ. ನೀರಿನ ಟ್ಯಾಂಕು ಊರಿನ ಇನ್ನೊಂದು ತುದಿಯಲ್ಲಿದೆ, ಅದರ ಕೀಲಿ ಯಾರದೋ ಮನೆಯಲ್ಲಿದೆ. ಯಾರು ಯಾರ ಅಡುಗೆ ಮನೆಗೆ ಕಾಲಿಡಬಹುದು ಎಂದು ಲೆಕ್ಕ ಹಾಕುವ ಊರು ಬೆಂಕಿಯನ್ನು ಗೆಲ್ಲಲಾರದು. ಬೆಂಕಿಗೆ ಮೇಲುಕೇರಿ ಕೆಳಕೇರಿ ಇಲ್ಲ, ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ಆದ್ದರಿಂದ ತಂಡದಲ್ಲಿ ಎಲ್ಲ ಕೇರಿಯವರೂ ಇರಬೇಕು. ತಾಲೀಮು ನಡೆಯಬೇಕಾದ್ದು ಪಂಚಾಯಿತಿ ಕಚೇರಿಯ ಮುಂದೆ ಅಲ್ಲ. ಊರಿನ ಅತಿ ಕಿರಿದಾದ ಓಣಿಯ ಕೊನೆಯ ಮನೆಗೆ ಎಷ್ಟು ನಿಮಿಷದಲ್ಲಿ ನೀರು ಮುಟ್ಟಿತು ಎಂದು ಅಳೆಯಬೇಕು. ಅಲ್ಲಿಗೆ ಮುಟ್ಟಿದರೆ ಎಲ್ಲ ಕಡೆಗೂ ಮುಟ್ಟೀತು.

ಆಕ್ಷೇಪಣೆಗೆ ಉತ್ತರ

ಇದು ಸರ್ಕಾರದ ಕೆಲಸ, ನಾವೇಕೆ ಮಾಡಬೇಕು ಎಂದು ಕೆಲವರು ಕೇಳಬಹುದು. ಸರ್ಕಾರದ ಕೆಲಸವೇ ಹೌದು. ತರಬೇತಿ, ಕೊಳವೆ, ಪಂಪು, ಗುರುತಿನ ಚೀಟಿ, ಗಾಯಗೊಂಡವರಿಗೆ ಚಿಕಿತ್ಸೆ, ಇವನ್ನು ಕೊಡುವುದು ಅದರ ಹೊಣೆ. ಊರಿನವರ ಸೇವೆ ಇದೆಯೆಂದು ಠಾಣೆ ಕಟ್ಟುವುದನ್ನು ಮುಂದೂಡಲು ಬಿಡಬಾರದು. ಆದರೆ ಅದೆಲ್ಲ ಬರುವವರೆಗೆ ಕೈಕಟ್ಟಿ ಕುಳಿತರೆ ಸುಡುವುದು ಸರ್ಕಾರದ ಬಣವೆಯಲ್ಲ.

ಇನ್ನೊಂದು ಸಮಿತಿ, ಇನ್ನೊಂದು ರಾಜಕೀಯ ಎನ್ನುವವರೂ ಇದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಈ ತಂಡಕ್ಕೆ ಅಧ್ಯಕ್ಷಗಿರಿ ಬೇಡ, ಸನ್ಮಾನ ಬೇಡ. ತಿಂಗಳಿಗೊಂದು ತಾಲೀಮು ಸಾಕು. ಎರಡು ಸಲ ತಾಲೀಮಿಗೆ ಬಾರದವರ ಹೆಸರು ತೆಗೆದು ಬೇರೆಯವರನ್ನು ಸೇರಿಸುವುದು. ಊರಿನ ಹಾಲಿನ ಡೇರಿಗೆ ದಿನಕ್ಕೆರಡು ಸಲ ಎಲ್ಲ ಮನೆಯವರೂ ಬರುತ್ತಾರೆ. ತಂಡದವರ ಹೆಸರು, ಫೋನ್ ನಂಬರು ಬರೆದ ಹಲಗೆ ಅಲ್ಲಿ ತೂಗಲಿ.

ಗಾಯವಾದರೆ ಯಾರು ಗತಿ ಎಂಬುದು ನ್ಯಾಯವಾದ ಪ್ರಶ್ನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2022ರ ಜೂನ್‌ನಿಂದ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಮರಣವಾದರೆ 2 ಲಕ್ಷ ರೂಪಾಯಿ. ಹನ್ನೆರಡು ಮಂದಿಗೆ 240 ರೂಪಾಯಿ. ಇದನ್ನು ಡೇರಿಯೋ ಪಂಚಾಯಿತಿಯೋ ಭರಿಸಿಕೊಡಲಾರದೆ? ಇದು ಸಾಲದು ಎಂಬುದು ಗೊತ್ತಿರುವುದೇ. ಊರಿಗಾಗಿ ಬೆಂಕಿಗೆ ಇಳಿಯುವವರಿಗೆ ಗೃಹರಕ್ಷಕರಿಗೆ ಇರುವಂತೆ ಕಾನೂನಿನ ರಕ್ಷಣೆ ಬೇಕೆಂದು ಪ್ರತಿ ಗ್ರಾಮಸಭೆಯೂ ಠರಾವು ಮಾಡಿ ಕಳಿಸಬೇಕು. 6,000 ಠರಾವುಗಳು ಒಟ್ಟಿಗೆ ಹೋದರೆ ವಿಧಾನಸೌಧಕ್ಕೆ ಕಿವಿ ಕೇಳದೆ ಇರದು.

ಈಗ ಮಾಡಬೇಕಾದ್ದು

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಹನ್ನೆರಡು ಹೆಸರು ಬರೆಯಿರಿ. ನಿಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣಾಧಿಕಾರಿಗೆ ಪಂಚಾಯಿತಿಯಿಂದ ಒಂದು ಪತ್ರ ಹೋಗಲಿ. ಏಪ್ರಿಲ್ ಸಪ್ತಾಹದಲ್ಲಿ ಅವರು ಹೇಗೂ ಶಾಲೆ ಕಾಲೇಜುಗಳಲ್ಲಿ ಪ್ರಾತ್ಯಕ್ಷಿಕೆ ಕೊಡುತ್ತಾರೆ. ಆದರೆ ಬೇಸಿಗೆ ಅರ್ಧ ಕಳೆದ ಮೇಲೆ ಕಲಿಯುವುದಕ್ಕಿಂತ ಸುಗ್ಗಿ ಮುಗಿಯುತ್ತಲೇ, ಸಂಕ್ರಾಂತಿಯ ಹೊತ್ತಿಗೆ ನಮ್ಮೂರಿಗೆ ಬನ್ನಿ ಎಂದು ಕರೆಯಿರಿ. ಟ್ಯಾಂಕಿನ ಕೀಲಿ ಎಲ್ಲಿದೆ, ಟ್ಯಾಂಕರು ಯಾರದು, ಕಿರಿದಾದ ಓಣಿ ಯಾವುದು, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ವಾಚನಾಲಯದ ಗೋಡೆಗೆ ಅಂಟಿಸಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂದು ಹಿರಿಯರು ನಕ್ಕಿದ್ದು ಸುಮ್ಮನೆ ಅಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದವರೂ ಅವರೇ. ಸುಟ್ಟ ಬಣವೆಯ ಮುಂದೆ ನಿಂತವನಿಗೆ ಊರೆಲ್ಲ ಒಂದೊಂದು ಹೊರೆ ಹುಲ್ಲು ಕೊಟ್ಟು ದನ ಉಳಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಆ ಔದಾರ್ಯವನ್ನು ಬೆಂಕಿ ಬೀಳುವ ಮುನ್ನವೇ ತೋರಿಸಿದರೆ, ತಿಂಗಳಿಗೆ ಒಂದು ಗಂಟೆ ಹೊತ್ತು ಕೊಟ್ಟರೆ, ಹುಲ್ಲು ಬೇಡುವ ದಿನವೇ ಬಾರದಿರಬಹುದು.